ನಿಲ್ಲುವ ವಿದ್ಯೆ: ಟ್ರಯಲ್ಸ್ ಸೈಕಲ್ ಸವಾರಿ ಮತ್ತು ದ್ರವಚಾಲಿತ ಬ್ರೇಕಿನ ಪಾಲನೆ

ಬೈಸಿಕಲ್ ಎಂದೊಡನೆ ವೇಗವೂ ಚಲನೆಯೂ ನೆನಪಿಗೆ ಬರುವುದು ಸಹಜ. ಓಡುವ ಸೈಕಲ್ಲು ನೆಟ್ಟಗಿರುತ್ತದೆ, ನಿಂತ ಸೈಕಲ್ಲು ಬೀಳುತ್ತದೆ ಎಂಬುದು ಸವಾರಿ ಕಲಿಯುವ ಪ್ರತಿಯೊಬ್ಬ ಬಾಲಕ ಬಾಲಕಿಯರಿಗೂ ದೊರೆಯುವ ಮೊದಲ ಪಾಠ. ಈ ಪಾಠವನ್ನೇ ಮೀರಿದ ಒಂದು ಕ್ರೀಡೆ ಜಗತ್ತಿನಲ್ಲಿ ಬೆಳೆದು ಬಂದಿದೆ. ಅದರ ಹೆಸರು ಟ್ರಯಲ್ಸ್. ಅಲ್ಲಿ ಗೆಲುವು ಬೇಗ ಹೋದವರದಲ್ಲ. ಕಾಲನ್ನು ನೆಲಕ್ಕೆ ಊರದೆ ಬಂಡೆ, ಮರದ ದಿಮ್ಮಿ, ಮೆಟ್ಟಿಲು, ಗೋಡೆಗಳನ್ನು ದಾಟಿದವರದು. ದಾಟುವ ಮುನ್ನ ನಿಲ್ಲಬೇಕು. ಒಂದೊಂದು ನೆಗೆತದ ಬಳಿಕವೂ ಅಂಗೈಯಗಲದ ಜಾಗದಲ್ಲಿ ಮತ್ತೆ ನಿಲ್ಲಬೇಕು. ಆದುದರಿಂದ ಈ ಕ್ರೀಡೆಯಲ್ಲಿ ಪೆಡಲಿಗೆ ಎಷ್ಟು ಬೆಲೆಯೋ ಬ್ರೇಕಿಗೂ ಅಷ್ಟೇ ಬೆಲೆ.

ಕ್ರೀಡೆಯ ಸ್ವರೂಪ

ಟ್ರಯಲ್ಸ್ ಮೊದಲು ಮೋಟಾರ್ ಸೈಕಲ್ಲಿನ ಕ್ರೀಡೆಯಾಗಿತ್ತು. ಸ್ಪೇನ್ ದೇಶದ ಕ್ಯಾಟಲೋನಿಯ ಪ್ರಾಂತದಲ್ಲಿ, ಮೊಂಟೆಸಾ ಮೋಟಾರ್ ಸೈಕಲ್ಲುಗಳ ಸವಾರನಾಗಿದ್ದ ಪೇರೆ ಪಿ ಎಂಬಾತನು ತನ್ನ ಮಗ ಓಟ್ ಪಿಗೆ ಎಂಜಿನ್ನಿಲ್ಲದ ಸಣ್ಣ ಸೈಕಲ್ಲಿನ ಮೇಲೆ ಅದೇ ಕಸರತ್ತುಗಳನ್ನು ಕಲಿಸಿದುದು ಬೈಸಿಕಲ್ ಟ್ರಯಲ್ಸಿನ ಉಗಮಕ್ಕೆ ಕಾರಣವಾಯಿತು. ಮೋಟಾರಿಲ್ಲದ ಟ್ರಯಲ್ ಎಂಬರ್ಥದ ‘ಟ್ರಯಲ್ಸಿನ್’ ಎಂಬ ಹೆಸರು ಹುಟ್ಟಿದುದು ಹೀಗೆ. 1986ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಇದಕ್ಕೆ ವಿಶ್ವಪಂದ್ಯಾವಳಿಯ ಮನ್ನಣೆಯನ್ನಿತ್ತಿತು. 20 ಅಂಗುಲ ಮತ್ತು 26 ಅಂಗುಲ ಗಾಲಿಗಳ ಸೈಕಲ್ಲುಗಳಿಗೆ ಬೇರೆ ಬೇರೆ ವರ್ಗಗಳು ಏರ್ಪಟ್ಟವು. ಹಿಂದಿನ ಗಣನೆಯಲ್ಲಿ ಒಮ್ಮೆ ಕಾಲೂರಿದರೆ ಒಂದು ದಂಡಾಂಕ, ಒಂದು ಘಟ್ಟದಲ್ಲಿ ಹೆಚ್ಚೆಂದರೆ ಐದು. ಅತಿ ಕಡಿಮೆ ಅಂಕ ಪಡೆದವರೇ ವಿಜಯಿಗಳು. ಇತ್ತೀಚಿನ ವರ್ಷಗಳಲ್ಲಿ ದಾಟಿದ ಅಡೆತಡೆಗಳಿಗೆ ಅಂಕ ಕೊಡುವ ಕ್ರಮ ಬಂದಿದೆ.

ಈ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಆಸನವಿರುವುದಿಲ್ಲ, ಇದ್ದರೂ ಅದು ಹೆಸರಿಗೆ ಮಾತ್ರ. ಸವಾರನು ಪೆಡಲುಗಳ ಮೇಲೆ ನಿಂತೇ ಇರುತ್ತಾನೆ. ಹಿಂದಿನ ಬ್ರೇಕನ್ನು ಬಿಗಿಹಿಡಿದು, ಮುಂಗಾಲಿಯನ್ನೆತ್ತಿ, ಹಿಂಗಾಲಿಯೊಂದರ ಮೇಲೆ ಸಮತೋಲದಿಂದ ನಿಲ್ಲುವುದು ಇಲ್ಲಿನ ಮೂಲ ಭಂಗಿ. ನೆಗೆಯುವ ಕ್ಷಣದಲ್ಲಿ ಬ್ರೇಕನ್ನು ಸಡಿಲಿಸಿ ಪೆಡಲನ್ನು ಒಮ್ಮೆ ಒದೆಯುತ್ತಾನೆ. ಗಾಲಿ ಬಂಡೆಯ ತುದಿಯನ್ನು ಮುಟ್ಟುತ್ತಲೇ ಬ್ರೇಕು ಮತ್ತೆ ಹಿಡಿಯಬೇಕು. ಆ ಕ್ಷಣದಲ್ಲಿ ಗಾಲಿ ಎರಡು ಬೆರಳಿನಷ್ಟು ಜಾರಿದರೂ ಸೈಕಲ್ಲು ಮುಂದಕ್ಕೆ ನುಸುಳಿ, ಸವಾರನು ಬೆನ್ನಡಿಯಾಗಿ ಬೀಳುತ್ತಾನೆ. ಅಂಥ ಪತನದ ಪೆಟ್ಟು ತಲೆಗೆ ಅಥವಾ ಬೆನ್ನುಮೂಳೆಗೆ ತಗಲುವುದುಂಟು.

ಇದಕ್ಕೆ ವಿಶೇಷವಾದ ಮೈದಾನ ಬೇಕಿಲ್ಲ, ಏರುಪೇರಾದ ನೆಲವೇ ಸಾಕು. ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆರೆಯ ಏರಿ, ಕಲಾಗ್ರಾಮ, ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಸಂಸ್ಥೆ, ನೆರೆಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇರುವ ಈ ಪ್ರದೇಶದ ಅಡಿಯಲ್ಲಿ ಹಾಸಿರುವುದು ಲಾಲ್‌ಬಾಗಿನ ಬಂಡೆಯಲ್ಲಿ ಕಾಣಸಿಗುವ, ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲಾವರ್ಗವೇ. ಕಲ್ಲಿನ ಉಬ್ಬು, ಚಪ್ಪಡಿಯ ಅಂಚು, ಕಟ್ಟಡಗಳ ಮೆಟ್ಟಿಲು ಇವೆಲ್ಲ ದಾರಿಹೋಕರಿಗೆ ಅಡ್ಡಿಯಾಗಿ ಕಂಡರೆ ಟ್ರಯಲ್ಸ್ ಸವಾರನಿಗೆ ಅಭ್ಯಾಸದ ಸಾಮಗ್ರಿಯಾಗಿ ಕಾಣುತ್ತವೆ.

ಬ್ರೇಕಿನ ತತ್ತ್ವ

ಸಾಧಾರಣ ಸೈಕಲ್ಲಿನಲ್ಲಿ ಬೆರಳಿನ ಬಲವು ಉಕ್ಕಿನ ಸರಳು ಅಥವಾ ತಂತಿಯ ಮೂಲಕ ರಬ್ಬರಿನ ತುಂಡುಗಳನ್ನು ತಲಪುತ್ತದೆ. ತಂತಿಯು ತನ್ನ ಕವಚದೊಳಗೆ ಉಜ್ಜಿಕೊಳ್ಳುವುದರಿಂದಲೂ ಸ್ವಲ್ಪ ಹಿಗ್ಗುವುದರಿಂದಲೂ ಬಲದ ಒಂದು ಭಾಗ ನಷ್ಟವಾಗುತ್ತದೆ. ದ್ರವಚಾಲಿತ ಬ್ರೇಕಿನಲ್ಲಿ ತಂತಿಯ ಸ್ಥಾನವನ್ನು ಎಣ್ಣೆ ತುಂಬಿದ ನಳಿಕೆಯು ಆಕ್ರಮಿಸಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಕುಂದಿಲ್ಲದೆ ಹರಡುತ್ತದೆ ಎಂಬುದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದ ತತ್ತ್ವ. ಆತನ ಪ್ರಬಂಧವು ಮರಣಾನಂತರ, 1663ರಲ್ಲಿ, ಬೆಳಕಿಗೆ ಬಂತು.

ಪ್ರೌಢಶಾಲೆಯ ಲೆಕ್ಕದಿಂದಲೇ ಇದನ್ನು ಸ್ಪಷ್ಟಪಡಿಸಬಹುದು. ಬೆರಳುಗಳು ಲೀವರನ್ನು 5 ಕಿಲೋಗ್ರಾಂ ಭಾರದಷ್ಟು ಬಲದಿಂದ 16 ಮಿಲಿಮೀಟರು ಎಳೆದವೆಂದು ಭಾವಿಸೋಣ. ಲೀವರು ಬಲವನ್ನು ನಾಲ್ಕು ಪಟ್ಟು ಮಾಡಿದರೆ ಮೇಲಿನ ಪಿಸ್ಟನ್ನಿನ ಮೇಲೆ 20 ಕಿಲೋಗ್ರಾಂ ಬಲ ಬೀಳುತ್ತದೆ. ಅದು ಚಲಿಸುವ ದೂರ 4 ಮಿಲಿಮೀಟರು. ಗಾಲಿಯ ಎರಡು ಪಕ್ಕಗಳಲ್ಲಿರುವ ಪಿಸ್ಟನ್ನುಗಳ ವಿಸ್ತೀರ್ಣ ಮೇಲಿನದಕ್ಕಿಂತ ಎರಡರಷ್ಟಿದ್ದರೆ ಒಂದೊಂದೂ 40 ಕಿಲೋಗ್ರಾಂ ಬಲದಿಂದ ರಿಮ್ಮನ್ನು ಒತ್ತುತ್ತದೆ. ಆದರೆ ಒಂದೊಂದೂ ಚಲಿಸುವುದು 1 ಮಿಲಿಮೀಟರು ಮಾತ್ರ. ಬಲ ಹೆಚ್ಚಿದಷ್ಟೂ ದೂರ ಕಡಿಮೆಯಾಗುತ್ತದೆ. ಪ್ರಕೃತಿಯಲ್ಲಿ ಯಾವ ಲಾಭವೂ ಬೆಲೆ ತೆರದೆ ಬರುವುದಿಲ್ಲ. ಕೊನೆಯಲ್ಲಿ ಉಳಿಯುವ ಈ ಒಂದು ಮಿಲಿಮೀಟರಿನಲ್ಲಿಯೇ ಪಾಲನೆಯ ರಹಸ್ಯವೆಲ್ಲ ಅಡಗಿದೆ.

ಸೈಕಲ್ಲಿನ ರಿಮ್ಮಿಗೆ ಅಳವಡುವ ಇಂಥ ಬ್ರೇಕನ್ನು ಜರ್ಮನಿಯ ಮಾಗುರ ಸಂಸ್ಥೆಯು 1987ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಎಚ್‌ಎಸ್ 33 ಎಂಬ ಮಾದರಿ ಟ್ರಯಲ್ಸ್ ಸವಾರರಲ್ಲಿ ಬಹುಕಾಲ ಮನೆಮಾತಾಗಿತ್ತು. ಇಂದು ತಟ್ಟೆಯ ಆಕಾರದ ಡಿಸ್ಕ್ ಬ್ರೇಕುಗಳೂ ಈ ಕ್ರೀಡೆಯಲ್ಲಿ ಹೇರಳವಾಗಿವೆ. ಆದರೆ ರಿಮ್ ಬ್ರೇಕಿಗೆ ಸಹಜವಾದ ಒಂದು ಅನುಕೂಲವುಂಟು. 26 ಅಂಗುಲದ ಗಾಲಿಯಲ್ಲಿ ರಿಮ್ಮು ನಡುವಿನಿಂದ ಸುಮಾರು 27 ಸೆಂಟಿಮೀಟರು ದೂರದಲ್ಲಿದ್ದರೆ, 160 ಮಿಲಿಮೀಟರು ವ್ಯಾಸದ ಡಿಸ್ಕಿನ ಅಂಚು 8 ಸೆಂಟಿಮೀಟರು ದೂರದಲ್ಲಿರುತ್ತದೆ. ಬಾಗಿಲನ್ನು ತಿರುಗಣಿಯ ಬಳಿ ಹಿಡಿಯುವುದಕ್ಕಿಂತ ಹಿಡಿಕೆಯ ಬಳಿ ಹಿಡಿದು ನಿಲ್ಲಿಸುವುದು ಸುಲಭವಲ್ಲವೇ? ಹಾಗೆಯೇ ಒಂದೇ ಘರ್ಷಣ ಬಲವು ರಿಮ್ಮಿನಲ್ಲಿ ಮೂರು ಪಟ್ಟಿಗೂ ಮಿಗಿಲಾಗಿ ಪರಿಣಾಮಕಾರಿಯಾಗುತ್ತದೆ.

ಪಾಲನೆಯ ಕ್ರಮ

ಎಷ್ಟೇ ಉತ್ತಮವಾದ ಬ್ರೇಕೂ ಪಾಲನೆಯಿಲ್ಲದಿದ್ದರೆ ನಂಬಿಕೆಗೆ ಅರ್ಹವಲ್ಲ. ಮೊದಲನೆಯದು ಶುಚಿತ್ವ. ಸರಪಳಿಯ ಎಣ್ಣೆಯ ಒಂದು ಹನಿ ರಿಮ್ಮಿಗೆ ತಗಲಿದರೂ ಹಿಡಿತ ಕೆಡುತ್ತದೆ. ರಿಮ್ಮನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಎಣ್ಣೆ ಕುಡಿದ ಪ್ಯಾಡುಗಳ ಮೇಲ್ಮೈಯನ್ನು ಉಜ್ಜುಕಾಗದದಿಂದ ತೆಗೆಯಬೇಕು, ಆದರೂ ಸರಿಹೋಗದಿದ್ದರೆ ಬದಲಿಸಬೇಕು.

ಎರಡನೆಯದು ಪ್ಯಾಡಿನ ಸ್ಥಾನ. ಅದು ರಿಮ್ಮಿನ ಪಕ್ಕಕ್ಕೆ ಪೂರ್ಣವಾಗಿ ಒರಗಬೇಕು. ಮೇಲಕ್ಕೆ ಸರಿದರೆ ಟಯರನ್ನು ಕೊರೆಯುತ್ತದೆ; ಕೆಳಕ್ಕೆ ಜಾರಿದರೆ ಗಾಲಿಯ ಕಡ್ಡಿಗಳತ್ತ ನುಗ್ಗುತ್ತದೆ. ಪ್ಯಾಡು ಸವೆದಂತೆಲ್ಲ ಆ ಒಂದು ಮಿಲಿಮೀಟರು ಅಂತರ ಹಿಗ್ಗುವುದರಿಂದ ಲೀವರಿನಲ್ಲಿರುವ ಹೊಂದಿಕೆಯ ತಿರುಪನ್ನು ತಿರುಗಿಸಿ ಅದನ್ನು ಸರಿದೂಗಿಸಬೇಕು.

ಮೂರನೆಯದು ಗಾಳಿಯ ನಿವಾರಣೆ. ದ್ರವವು ಒತ್ತಡಕ್ಕೆ ಬಹುಮಟ್ಟಿಗೆ ಕುಗ್ಗದು, ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ನಳಿಕೆಯಲ್ಲಿ ಒಂದು ಗುಳ್ಳೆ ಸೇರಿದರೆ ಬೆರಳಿನ ಶ್ರಮ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಕಳೆದು, ಲೀವರು ಸ್ಪಂಜಿನಂತೆ ಮೆತ್ತಗಾಗುತ್ತದೆ. ಆಗ ಪಿಚಕಾರಿಯಂಥ ಸಿರಿಂಜಿನಿಂದ ಕೆಳಗಿನ ರಂಧ್ರದ ಮೂಲಕ ಹೊಸ ಎಣ್ಣೆಯನ್ನು ನಿಧಾನವಾಗಿ ಮೇಲಕ್ಕೆ ತಳ್ಳಬೇಕು. ಗುಳ್ಳೆಗಳು ಸ್ವಭಾವತಃ ಮೇಲೇರುವುದರಿಂದ, ಎಲ್ಲಕ್ಕಿಂತ ಎತ್ತರದಲ್ಲಿರುವಂತೆ ಹಿಡಿದ ಲೀವರಿನ ರಂಧ್ರದಿಂದ ಅವು ಹೊರಬೀಳುತ್ತವೆ. ಗುಳ್ಳೆ ನಿಂತು ಶುದ್ಧವಾದ ಎಣ್ಣೆ ಬರುವವರೆಗೆ ಅವಸರ ಕೂಡದು.

ನಾಲ್ಕನೆಯದು ಎಣ್ಣೆಯ ಆಯ್ಕೆ. ಮಾಗುರ ಬ್ರೇಕಿಗೆ ಖನಿಜ ತೈಲವೇ ಆಗಬೇಕು. ಕಾರು, ಮೋಟಾರ್ ಸೈಕಲ್ಲುಗಳಿಗೆ ಹಾಕುವ ಡಾಟ್ ಬ್ರೇಕ್ ದ್ರವ ಗ್ಯಾರೇಜುಗಳಲ್ಲಿ ಸುಲಭವಾಗಿ ಸಿಗುವುದೆಂದು ಅದನ್ನು ತುಂಬಿದರೆ ಒಳಗಿನ ರಬ್ಬರಿನ ಬಿಗಿಬಳೆಗಳು ಉಬ್ಬಿ ಬ್ರೇಕೇ ಹಾಳಾಗುತ್ತದೆ.

ಹಿಡಿತ ಹೆಚ್ಚಲೆಂದು ಟ್ರಯಲ್ಸ್ ಸವಾರರು ಅಲ್ಯೂಮಿನಿಯಂ ರಿಮ್ಮಿನ ಪಕ್ಕಗಳನ್ನು ಯಂತ್ರದಿಂದ ಒರಟಾಗಿ ಉಜ್ಜುವುದೂ ಉಂಟು. ಇದರಿಂದ ಪ್ಯಾಡು ಬೇಗ ಸವೆಯುತ್ತದೆ, ರಿಮ್ಮು ತೆಳುವಾಗುತ್ತದೆ. ದಿನಬಳಕೆಯ ಸೈಕಲ್ಲಿಗೆ ಈ ಪ್ರಯೋಗ ಸಲ್ಲದು.

2009ರ ಏಪ್ರಿಲ್‌ನಲ್ಲಿ ಹೊರಬಂದ ಒಂದು ಕಿರುಚಿತ್ರದಿಂದ ಜಗತ್ತಿನ ಗಮನ ಸೆಳೆದ ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್, ಆ ದಿನಗಳಲ್ಲಿ ಎಡಿನ್‌ಬರೋ ನಗರದ ಸೈಕಲ್ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ಕನಾಗಿದ್ದನು. ಬೇಲಿಯ ಮೊನೆಗಳ ಮೇಲೆ ಸೈಕಲ್ಲು ನಡೆಸಿದ ಆತನ ಧೈರ್ಯದ ಹಿಂದೆ ತನ್ನ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳ ಅರಿವೂ ಇದ್ದಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಶಾಲೆಯ ಬಾಗಿಲಲ್ಲಿ

ಬಂಡೆಯ ಮೇಲಿನ ಸವಾರನು ತನ್ನ ಇಚ್ಛೆಯಿಂದ ಅಪಾಯವನ್ನು ಆರಿಸಿಕೊಂಡವನು. ಶಿರಸ್ತ್ರಾಣ ಧರಿಸಿ, ಬ್ರೇಕನ್ನು ಪರೀಕ್ಷಿಸಿಯೇ ಹತ್ತುತ್ತಾನೆ. ಬೆಳಗ್ಗೆ ಲಾರಿ ಬಸ್ಸುಗಳ ನಡುವೆ ಶಾಲೆಗೆ ಬರುವ ಮಗುವಿಗೆ ಆ ಆಯ್ಕೆಯಿಲ್ಲ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಬಳಿಕ ನಾಡಿನ ಹಳ್ಳಿಗಳಲ್ಲಿ ಅಸಂಖ್ಯಾತ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಶಾಲೆಯ ದೂರವನ್ನು ಗೆದ್ದರು. ಸೈಕಲ್ಲು ಕೈಸೇರಿದುದು ಒಂದು ದಿನದ ಸಮಾರಂಭ. ಅದನ್ನು ಸುಸ್ಥಿತಿಯಲ್ಲಿಡುವುದು ವರ್ಷಪೂರ್ತಿಯ ಕೆಲಸ.

ಮಕ್ಕಳ ಸೈಕಲ್ಲುಗಳಲ್ಲಿ ಎಣ್ಣೆಯ ನಳಿಕೆಯಿಲ್ಲ, ಸರಳೋ ತಂತಿಯೋ ಇದೆ. ಆದರೆ ತತ್ತ್ವ ಒಂದೇ: ಬೆರಳಿನಿಂದ ರಿಮ್ಮಿನವರೆಗಿನ ಸರಣಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಉಳಿದುವೆಲ್ಲ ವ್ಯರ್ಥ. ಲೀವರಿನ ಬಳಿ ತಂತಿಯ ಎಳೆಗಳು ಕಿತ್ತಿವೆಯೇ, ರಬ್ಬರು ಸವೆದು ಲೋಹ ಕಾಣುತ್ತಿದೆಯೇ, ಮುಂದಿನ ಹಿಂದಿನ ಬ್ರೇಕುಗಳೆರಡೂ ಹಿಡಿಯುತ್ತವೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಲೀವರನ್ನು ಬಿಗಿಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿದಾಗ ಗಾಲಿ ಉರುಳಬಾರದು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ರಬ್ಬರಿನ ಹಿಡಿತ ಬಹಳ ಕುಗ್ಗುವುದರಿಂದ ಮಳೆಗಾಲದಲ್ಲಿ ನಿಧಾನವಾಗಿ ಸಾಗಿ, ಮುಂಚಿತವಾಗಿಯೇ ಬ್ರೇಕು ಹಿಡಿಯಬೇಕೆಂಬುದನ್ನೂ ಮಕ್ಕಳಿಗೆ ಹೇಳಿಕೊಡಬೇಕು.

ಶಾಲೆಯ ಸೈಕಲ್ ನಿಲ್ದಾಣದಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ನಾಲ್ಕು ಸ್ಪ್ಯಾನರು, ಕೆಲವು ಬ್ರೇಕಿನ ರಬ್ಬರು, ಒಂದಷ್ಟು ತಂತಿ. ವಾರಕ್ಕೊಂದು ಗಂಟೆ ವಿಜ್ಞಾನದ ಅಧ್ಯಾಪಕರ ಮೇಲ್ವಿಚಾರಣೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳೂ ಕುಶಲಕರ್ಮಿಗಳೂ ಇರುವಲ್ಲಿ ಕಲಿಸುವ ಕೈಗಳಿಗೂ ಕೊರತೆಯಾಗದು. ಪ್ಯಾಸ್ಕಲನ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ಓದಿದ ವಿದ್ಯಾರ್ಥಿಯು ತನ್ನ ತಂಗಿಯ ಸೈಕಲ್ಲಿನ ಬ್ರೇಕನ್ನು ತಾನೇ ಸರಿಪಡಿಸಬಲ್ಲವನಾದರೆ ಆ ಪಾಠವು ಪರೀಕ್ಷೆಯ ಆಚೆಗೂ ಉಳಿಯುತ್ತದೆ; ಆ ತಂಗಿ ಸಂಜೆ ಸುಖವಾಗಿ ಮನೆ ಸೇರುತ್ತಾಳೆ.