ಚಾಕು ಕಪ್ಪಾದರೆ ಶರಬತ್ತು ವಿಷವಾಗುತ್ತದೆಯೇ?

ನಮ್ಮ ಗೆಳೆಯರೊಬ್ಬರಿಗೆ ಹಳೆಯ ಮಡಚುವ ಚಾಕುಗಳನ್ನು ಕೂಡಿಡುವ ಹವ್ಯಾಸ. ಭಾನುವಾರ ಸಂಜೆ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಅದರಲ್ಲೇ ಒಂದರಿಂದ ನಿಂಬೆಹಣ್ಣು ಕೊಯ್ದು ಶರಬತ್ತು ಮಾಡಿಕೊಂಡು, ಹೀರುತ್ತ, ಒಂದೊಂದೇ ಚಾಕುವನ್ನು ಒರೆಸುತ್ತ ಕೂರುತ್ತಾರೆ. ಒಮ್ಮೆ ಆ ಮೇಜಿನ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಚಾಕುವಿನ ಅಲಗಿನ ಮೇಲೆ ಕಪ್ಪು, ನೀಲಿ ಕಲೆಗಳಿದ್ದವು. ಸರಿ, ಶುರುವಾಯಿತು: "ಅದು ವಿಷ, ಶರಬತ್ತು ಚೆಲ್ಲಿ, ಚಾಕು ಎಸೆಯಿರಿ, ಎಲ್ಲರಿಗೂ ತಿಳಿಸಿ."

ಆ ಚಾಕು ಅವರ ಅಜ್ಜನದು. "ನಿಜವಾಗಿಯೂ ಎಸೆಯಬೇಕೇ?" ಎಂದು ಅವರು ನಮ್ಮನ್ನು ಕೇಳಿದರು. ಬೇಡ. ಯಾಕೆ ಬೇಡ ಎಂದು ನೋಡೋಣ.

ಆ ಕಪ್ಪು ಬಣ್ಣ ಎಲ್ಲಿಂದ ಬಂತು?

ಹಳೆಯ ಚಾಕುಗಳ ಅಲಗು ಹೆಚ್ಚಾಗಿ ಕಾರ್ಬನ್ ಸ್ಟೀಲಿನದು. ಅಂದರೆ ಕಬ್ಬಿಣ, ಜೊತೆಗೆ ಸ್ವಲ್ಪ ಇಂಗಾಲ. ನಿಂಬೆಯ ಹುಳಿ ತಾಗಿದಾಗ ಮೇಲ್ಮೈಯ ಕಬ್ಬಿಣ ಅತಿ ಸಣ್ಣ ಪ್ರಮಾಣದಲ್ಲಿ ಕರಗಿ, ಅಲಗು ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಚಹಾ, ಮಾವಿನಕಾಯಿ, ಸೇಬು, ಕೆಂಪು ವೈನ್ ಇವುಗಳಲ್ಲಿ ಟ್ಯಾನಿನ್‌ನಂಥ ಒಗರಿನ ಅಂಶಗಳಿವೆ. ಕಬ್ಬಿಣದೊಂದಿಗೆ ಅವು ಸೇರಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ.

ಇದು ನಿಮಗೆ ಹೊಸದೇನಲ್ಲ. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗೂ ಕೈಯೂ ಕಪ್ಪಾಗುವುದನ್ನು ನೋಡಿರುತ್ತೀರಿ. ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯುವ ಶಾಯಿಯನ್ನು ಓಕ್ ಮರದ ಗಂಟುಕಾಯಿಯ ಒಗರು ಮತ್ತು ಕಬ್ಬಿಣದ ಲವಣ ಸೇರಿಸಿಯೇ ಮಾಡುತ್ತಿದ್ದರು. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಕೂಡ ಅಳಲೆಕಾಯಿಯ ಒಗರು ಮತ್ತು ಕಬ್ಬಿಣದ ಕೂಟವೇ.

ನೀವೇ ಪರೀಕ್ಷಿಸಬಹುದು. ಹಾಲು ಹಾಕದ ಗಟ್ಟಿ ಚಹಾದಲ್ಲಿ ತೊಳೆದ ಕಬ್ಬಿಣದ ಮೊಳೆಯೊಂದನ್ನು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಹಾ ಶಾಯಿಯಂತೆ ಕಪ್ಪಾಗಿರುತ್ತದೆ. ಅದನ್ನು ಕುಡಿಯಬೇಡಿ, ನೋಡಿ ಚೆಲ್ಲಿ.

ಹಾಗಾದರೆ ಇದು ವಿಷವೇ?

ಅಲ್ಲ. ಹೋಳು ಮಾಡುವ ಒಂದೆರಡು ನಿಮಿಷದಲ್ಲಿ ಹಣ್ಣಿಗೆ ಸೇರುವ ಕಬ್ಬಿಣ ಬಹಳ ಕಡಿಮೆ. ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ಗೊಜ್ಜು ಕುದಿಸಿದಾಗ ಇದಕ್ಕಿಂತ ಹೆಚ್ಚು ಕಬ್ಬಿಣ ಅಡುಗೆಗೆ ಸೇರುತ್ತದೆ. ಬಾಯಿಗೆ ಲೋಹದ ರುಚಿ ಹತ್ತಬಹುದು, ಅಷ್ಟೇ.

ಇದಕ್ಕೆ ಉಲ್ಟಾ ಹೇಳುವ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ. ಕಬ್ಬಿಣದ ಚಾಕುವಿನಿಂದ ಹಣ್ಣು ಕೊಯ್ದು ತಿಂದರೆ ರಕ್ತಹೀನತೆ ವಾಸಿಯಾಗುವುದಿಲ್ಲ. ರಕ್ತ ಕಡಿಮೆಯಿದ್ದರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳಿ. ಊಟದ ಜೊತೆಗೇ ಚಹಾ ಕುಡಿಯುವುದನ್ನೂ ಬಿಡಿ, ಅದರ ಟ್ಯಾನಿನ್ ಊಟದಲ್ಲಿರುವ ಕಬ್ಬಿಣ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ.

ಹಿಂದಿನವರು ಏನು ಮಾಡುತ್ತಿದ್ದರು?

ಲೋಹದ ರುಚಿಯ ತೊಂದರೆ ಅವರಿಗೂ ಇತ್ತು. ಅದಕ್ಕೇ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಣ್ಣು ಕೊಯ್ಯಲೆಂದೇ ಬೆಳ್ಳಿ ಅಲಗಿನ ಮಡಚುವ ಚಾಕುಗಳನ್ನು ಮಾಡುತ್ತಿದ್ದರು. 1913ರಲ್ಲಿ ಅದೇ ಊರಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಹೆಚ್ಚು ಬೆರೆಸಿದ ಉಕ್ಕು ತಯಾರಿಸಿದರು. ಅದೇ ಇಂದಿನ ಸ್ಟೇನ್‌ಲೆಸ್ ಸ್ಟೀಲಿನ ದಾರಿ. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರ ಕಟ್ಟಿಕೊಂಡು ಹುಳಿಯನ್ನು ತಡೆಯುತ್ತದೆ. ಹಾಗಾಗಿ ಈಗಿನ ಅಡುಗೆಮನೆ ಚಾಕುಗಳು ಕಪ್ಪಾಗುವುದಿಲ್ಲ.

ಕುಡಿಯುವ ಗ್ಲಾಸಿಗೂ ಜೇಬುಚಾಕುವಿಗೂ ನಂಟು ಹಳೆಯದು. 1897ರಲ್ಲಿ ಕಾರ್ಲ್ ಎಲ್ಸೆನರ್ ಸ್ವಿಸ್ ಸೇನೆಯ ಅಧಿಕಾರಿಗಳಿಗೆಂದು ರೂಪಿಸಿದ ಚಾಕುವಿನಲ್ಲಿ ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು ಇತ್ತು. ಫ್ರಾನ್ಸಿನ ಲಾಯೋಲ್ ಹಳ್ಳಿಯ ಹೆಸರಿನ ಚಾಕುಗಳಲ್ಲೂ ಆ ತಿರುಪು ಇರುತ್ತದೆ. 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಮರದ ಹಿಡಿಯ ಚಾಕು ಇಂದಿಗೂ ಕಾರ್ಬನ್ ಸ್ಟೀಲಿನಲ್ಲಿ ಸಿಗುತ್ತದೆ, ಇಂದಿಗೂ ಹಾಗೆಯೇ ಕಪ್ಪಾಗುತ್ತದೆ.

ಹೆದರಬೇಕಾದ ಬಣ್ಣ ಯಾವುದು?

ಕಪ್ಪು: ಪರವಾಗಿಲ್ಲ. ಈ ಪದರ ತುಕ್ಕು ಹಿಡಿಯುವುದನ್ನು ಸ್ವಲ್ಪ ನಿಧಾನಿಸುತ್ತದೆ ಕೂಡ. ಹಾಗೆಂದು ಒದ್ದೆಯಾಗಿ ಬಿಟ್ಟರೆ ತುಕ್ಕು ತಪ್ಪದು.

ಕೆಂಪು: ಇದು ತುಕ್ಕು. ಅಲಗನ್ನು ತಿನ್ನುತ್ತದೆ, ಉದುರುತ್ತದೆ. ಉಜ್ಜಿ ತೆಗೆದ ಮೇಲೆಯೇ ಹಣ್ಣು ಕೊಯ್ಯಿರಿ.

ಹಸಿರು: ಇದನ್ನು ಗಮನಿಸಿ. ಅನೇಕ ಹಳೆಯ ಚಾಕುಗಳ ಹಿಡಿಯೊಳಗೆ ಹಿತ್ತಾಳೆ ತಗಡು ಇರುತ್ತದೆ. ಅದಕ್ಕೆ ಹುಳಿ, ತೇವ ತಾಗಿದರೆ ಕಿಲುಬು ಕಟ್ಟುತ್ತದೆ. ಕಿಲುಬು ಹೊಟ್ಟೆಗೆ ಸೇರಿದರೆ ವಾಕರಿಕೆ, ವಾಂತಿ ಆಗಬಹುದು. ಹುಳಿ ಅಡುಗೆ ಮಾಡುವ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ಇದಕ್ಕೇ. ಹಸಿರು ಕಂಡರೆ ಪೂರ್ತಿ ತೆಗೆಯುವವರೆಗೆ ಆ ಚಾಕು ತಿನ್ನುವ ಪದಾರ್ಥಕ್ಕೆ ಬೇಡ.

ಹಣ್ಣು ಕೊಯ್ದ ಕೂಡಲೇ ತೊಳೆದು, ಕೀಲಿನವರೆಗೂ ಒರೆಸಿ, ಒಣಗಿದ ಮೇಲೆ ಮಡಚಿ. ಕೀಲಿಗೆ ಯಂತ್ರದ ಎಣ್ಣೆ ಬಿಡಬೇಡಿ, ಆಹಾರಕ್ಕೆ ತಾಗಬಹುದಾದ ಮಿನರಲ್ ಆಯಿಲ್ ಒಂದು ಹನಿ ಸಾಕು.

ನಿಜವಾದ ಅಪಾಯ

ಅದೇ ಗ್ರೂಪಿನಲ್ಲಿ ಇನ್ನೊಂದು ಮಾತಿತ್ತು: "ಫಳಫಳ ಹೊಳೆಯುವ ಚಾಕು ಕೊಯ್ದರೆ ಇಂಜೆಕ್ಷನ್ ಬೇಕಿಲ್ಲ, ತುಕ್ಕು ಹಿಡಿದಿದ್ದರೆ ಮಾತ್ರ ಬೇಕು." ಕಪ್ಪು ಕಲೆಯ ಬಗ್ಗೆ ಗಾಬರಿಯಾದವರು ಇದನ್ನು ಸುಮ್ಮನೆ ಒಪ್ಪಿಕೊಂಡರು. ಜೀವಕ್ಕೆ ಎರವಾಗಬಹುದಾದ ಮಾತು ಇದೇ.

ಧನುರ್ವಾಯು ತರುವುದು ತುಕ್ಕಲ್ಲ, ಒಂದು ಬ್ಯಾಕ್ಟೀರಿಯಾ. ಅದರ ಬೀಜಕಣಗಳು ಮಣ್ಣು, ಧೂಳು, ದನಕರುಗಳ ಸಗಣಿಯಲ್ಲಿರುತ್ತವೆ. ಬೀಜಕಣ ತಾಗಿದ್ದರೆ ಹೊಳೆಯುವ ಚಾಕುವೂ ಅಪಾಯವೇ. ಗಾಯವಾದರೆ ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಗಾಯ ಆಳವಾಗಿದ್ದರೆ, ಕೊಳೆಯಾಗಿದ್ದರೆ ಅಥವಾ ಹಿಂದಿನ ಇಂಜೆಕ್ಷನ್ ಯಾವಾಗ ಆಯಿತೆಂದು ನೆನಪಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು ವಿಷಯ. ಹಳೆಯ ಜೇಬುಚಾಕುಗಳಲ್ಲಿ ಬಹುಪಾಲಿಗೆ ಲಾಕ್ ಇರುವುದಿಲ್ಲ, ಸ್ಪ್ರಿಂಗ್ ಮಾತ್ರ ಇರುತ್ತದೆ. ಒತ್ತಿದರೆ ಅಲಗು ಬೆರಳ ಮೇಲೇ ಮಡಚಿಕೊಳ್ಳಬಹುದು. ಗ್ಲಾಸಿನಲ್ಲಿರುವುದು ಶರಬತ್ತು, ಚಹಾ ಆದರೆ ಚಿಂತೆಯಿಲ್ಲ. ವೈನ್, ವಿಸ್ಕಿ ಆದರೆ ಕೈ ಹಿಡಿತವೂ ಅಂದಾಜೂ ತಪ್ಪುತ್ತವೆ. ಸಾಣೆ ಹಿಡಿಯುವುದು, ಕೊಯ್ಯುವುದು ಎಲ್ಲ ಮುಗಿಸಿ, ಚಾಕು ಮಡಚಿ ಡಬ್ಬಿಗೆ ಹಾಕಿದ ಮೇಲೆಯೇ ಮೊದಲ ಗುಟುಕು.

ನಮ್ಮ ಗೆಳೆಯರು ಚಾಕು ಎಸೆಯಲಿಲ್ಲ. ಆದರೆ ಕೀಲಿನ ಬಳಿ ಹಸಿರು ಸಿಕ್ಕಿತು, ಉಜ್ಜಿ ತೆಗೆದರು. ಕೊನೆಯ ಇಂಜೆಕ್ಷನ್ ಯಾವಾಗ ಆಗಿತ್ತೆಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಮರುದಿನವೇ ಹೋಗಿ ವೈದ್ಯರನ್ನು ಕಂಡು ಬಂದರು. ನಿಮಗೆ ನೆನಪಿದೆಯೇ? ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡಬೇಕೆನಿಸಿದರೆ, ಈ ಪ್ರಶ್ನೆಯನ್ನೇ ಮಾಡಿ.