ಶಾಲೆಯ ಗಂಟೆ ಬಾರಿಸಿದ ಮೇಲೆ: ಆಟ, ಅಭ್ಯಾಸ ಮತ್ತು ಸಮಾನಾವಕಾಶ

ಕನ್ನಡದಲ್ಲಿ ‘ಮನೆಗೆಲಸ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಶಾಲೆಯಲ್ಲಿ ಕೊಟ್ಟ ಪಾಠವನ್ನು ಮನೆಯಲ್ಲಿ ಬರೆದು ತರುವುದು ಒಂದು. ಪಾತ್ರೆ ತೊಳೆದು, ನೀರು ತಂದು, ತಮ್ಮತಂಗಿಯರನ್ನು ನೋಡಿಕೊಳ್ಳುವುದು ಇನ್ನೊಂದು. ಅನುಕೂಲಸ್ಥ ಮನೆಯ ಮಗು ಮೊದಲನೆಯದನ್ನು ಮಾಡಿದರೆ ಸಾಕು. ಬಡ ಕುಟುಂಬದ ಮಗು, ವಿಶೇಷವಾಗಿ ಹೆಣ್ಣುಮಗು, ಒಂದೇ ಸಂಜೆಯಲ್ಲಿ ಎರಡನ್ನೂ ಪೂರೈಸಬೇಕಾಗುತ್ತದೆ. ಶಾಲೆ ಬಿಟ್ಟ ಬಳಿಕ ಆಟವನ್ನೂ ಅಭ್ಯಾಸದ ನೆರವನ್ನೂ ಉಚಿತವಾಗಿ ಒದಗಿಸುವ ಯತ್ನಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗಿದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ 800 ಬೋಧನಾ ಗಂಟೆಗಳನ್ನೂ, ಆರರಿಂದ ಎಂಟನೆಯ ತರಗತಿಗಳಿಗೆ 1000 ಗಂಟೆಗಳನ್ನೂ ನಿಗದಿಪಡಿಸಿದೆ. ಶಾಲೆಗೆ ಆಟದ ಮೈದಾನವಿರಬೇಕೆಂದೂ ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದೂ ಅದು ವಿಧಿಸುತ್ತದೆ. ಆದರೆ ಬೋಧನೆಯ ಅವಧಿ ಮುಗಿದ ಮೇಲೆ ಕಲಿಕೆಯ ಹೊಣೆ ಬಹುಮಟ್ಟಿಗೆ ಮನೆಯದೇ ಆಗುತ್ತದೆ. ಈ ತೆರವನ್ನು ಹಣವುಳ್ಳವರು ಹಣದಿಂದ ತುಂಬಿಕೊಳ್ಳುತ್ತಾರೆ. ‘ಅಸರ್’ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಲ್ಲಿ ಹಣ ಕೊಟ್ಟು ಮನೆಪಾಠಕ್ಕೆ ಹೋಗುವವರ ಪ್ರಮಾಣ 2018ರಲ್ಲಿ ಶೇ. 26.4 ಇದ್ದುದು 2022ರಲ್ಲಿ ಶೇ. 30.5ಕ್ಕೆ ಏರಿತು. ಹಣ ಕೊಡಲಾರದ ಮಗು ಮರುದಿನ ಬರೆಯದ ಪುಸ್ತಕದೊಡನೆ ತರಗತಿಗೆ ಬರುತ್ತದೆ.

ಈ ಸಮಸ್ಯೆಯನ್ನು ಆಟದ ಕಡೆಯಿಂದ ಎದುರಿಸಿದ ನಿದರ್ಶನ ಜಾರ್ಖಂಡ್‌ನಲ್ಲಿದೆ. ರಾಂಚಿಯ ಸಮೀಪದ ಹಳ್ಳಿಗಳಲ್ಲಿ 2009ರಲ್ಲಿ ಆರಂಭವಾದ ‘ಯುವಾ’ ಸಂಸ್ಥೆಯು ಬಡ ಕುಟುಂಬಗಳ ಹುಡುಗಿಯರಿಗೆ ಫುಟ್‌ಬಾಲ್ ಕಲಿಸತೊಡಗಿತು. ಮನೆಗೆಲಸ ಮತ್ತು ಬಾಲ್ಯವಿವಾಹಗಳ ನಡುವೆ ಹುಡುಗಿಯರ ಬಾಲ್ಯ ಸವೆದುಹೋಗುತ್ತಿದ್ದ ಪ್ರದೇಶವದು. ಆಟ ಕಲಿತ ಹಿರಿಯ ಹುಡುಗಿಯರೇ ಕಿರಿಯರಿಗೆ ತರಬೇತಿ ನೀಡುವವರಾದರು. 2013ರಲ್ಲಿ ಇವರ ತಂಡ ಸ್ಪೇನ್‌ನ ಗಾಸ್ತೈಸ್ ಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಮೈದಾನದಲ್ಲಿ ಗಳಿಸಿದ ಆತ್ಮವಿಶ್ವಾಸ ತರಗತಿಯಲ್ಲಿಯೂ ನಿಲ್ಲಬೇಕಾದರೆ ಅಭ್ಯಾಸದ ಆಸರೆ ಅಗತ್ಯ. 2015ರಲ್ಲಿ ಸಂಸ್ಥೆಯು ಶಾಲೆಯನ್ನೇ ತೆರೆಯಿತು. 2019ರಲ್ಲಿ ಅದಕ್ಕೆ ಲಾರೆಸ್ ಪ್ರಶಸ್ತಿ ಸಂದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಾಠ ಬರೆದು ಮುಗಿಸಿದವರಿಗೆ ಮಾತ್ರ ಆಟ ಎಂಬ ಕಟ್ಟಳೆ ಮೇಲ್ನೋಟಕ್ಕೆ ಶಿಸ್ತಿನದಾಗಿ ತೋರಬಹುದು. ಆದರೆ ಪಾಠ ಬರೆಯಲಾಗದ ಮಗುವೇ ನೆರವು ಹೆಚ್ಚು ಬೇಕಾದ ಮಗು. ಆ ಕಟ್ಟಳೆ ಮೊದಲು ಹೊರಹಾಕುವುದೂ ಅದನ್ನೇ. ಆಟವು ಅಭ್ಯಾಸಕ್ಕೆ ಕೊಡುವ ಬಹುಮಾನವಲ್ಲ, ಮಗುವಿನ ಸಹಜ ಹಕ್ಕು. ತರಗತಿಯಲ್ಲಿ ಹಿಂದುಳಿದ ಮಗು ಮೈದಾನದಲ್ಲಿ ಮುಂದಿರುವುದು ಸಾಧ್ಯ. ಅಲ್ಲಿ ಹುಟ್ಟಿದ ವಿಶ್ವಾಸವೇ ತನಗೆ ತಿಳಿಯದ ಲೆಕ್ಕವನ್ನು ನಾಚಿಕೆಯಿಲ್ಲದೆ ಕೇಳುವ ಧೈರ್ಯವನ್ನು ಕೊಡುತ್ತದೆ.

ಕರ್ನಾಟಕದಲ್ಲಿ ಇಂಥ ವ್ಯವಸ್ಥೆಗೆ ಬೇಕಾದ ಅಂಗಗಳು ಬಿಡಿಬಿಡಿಯಾಗಿ ಇವೆ. 2020ರ ನವೆಂಬರ್‌ನಲ್ಲಿ ಆರಂಭಗೊಂಡ ‘ಓದುವ ಬೆಳಕು’ ಕಾರ್ಯಕ್ರಮವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಉಚಿತ ಸದಸ್ಯತ್ವವನ್ನು ಒದಗಿಸಿತು. ಓದಲು ಬೆಳಕಿರುವ ಕೊಠಡಿಯೂ ಸರ್ಕಾರಿ ಶಾಲೆಯ ಅಂಗಳವೂ ಎಷ್ಟೋ ಊರುಗಳಲ್ಲಿ ದೂರವೇನಿಲ್ಲ. ಎರಡನ್ನೂ ಬೆಸೆಯಲು ಬೇಕಾದುದು ಒಂದು ನಿಗದಿತ ವೇಳೆ ಮತ್ತು ಜೊತೆಗಿರುವ ಒಬ್ಬ ಹಿರಿಯರು. ಹಾಗೆಯೇ, ಸಂಜೆಯ ಆ ಒಂದೆರಡು ಗಂಟೆ ಮಗಳನ್ನು ಇನ್ನೊಂದು ‘ಮನೆಗೆಲಸ’ದಿಂದ ಬಿಡಿಸಿ ಕಳುಹಿಸಲು ಮನೆಯವರೂ ಒಪ್ಪಬೇಕು. ಈ ಒಪ್ಪಿಗೆ ದೊರೆಯದೆ ಉಚಿತ ಶಿಕ್ಷಣವು ಶಾಲೆಯ ಗಂಟೆಯೊಡನೆ ಮುಗಿದುಹೋಗುತ್ತದೆ.