ನಿಂಬೆಯ ಎಲೆಯ ಮೇಲಣ ರಂಗೋಲಿ

ನಿಂಬೆ, ಕಿತ್ತಳೆ, ಚಕ್ಕೋತ ಮೊದಲಾದ ಗಿಡಗಳು ಚಿಗುರಿದಾಗ ಎಳೆಯ ಎಲೆಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಡೊಂಕು ಗೆರೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಇವು ಬಸವನಹುಳು ಹರಿದ ಗುರುತೆಂದು ಕೆಲವರೂ, ಗಿಡಕ್ಕೆ ತಗಲಿದ ರೋಗವೆಂದು ಕೆಲವರೂ ಎಣಿಸುವುದುಂಟು. ನಿಜವಾಗಿ ಇದು ಒಂದು ಅತಿ ಸಣ್ಣ ಪತಂಗದ ಮರಿಯ ಕೆಲಸವು. ಎಲೆಯೊಳಗೆ ಹೀಗೆ ಗೆರೆ ಕೊರೆಯುವ ಕೀಟಗಳಿಗೆ ನಮ್ಮ ರೈತರು ರಂಗೋಲಿ ಹುಳು ಎಂದು ಅಂದವಾದ ಹೆಸರನ್ನಿಟ್ಟಿದ್ದಾರೆ. ನಿಂಬೆಯ ಜಾತಿಯ ಈ ಪತಂಗವನ್ನು ಸ್ಟೇನ್‌ಟನ್ ಎಂಬ ಆಂಗ್ಲ ಪಂಡಿತನು ಕಲ್ಕತ್ತೆಯಲ್ಲಿ ದೊರೆತ ಮಾದರಿಗಳಿಂದ 1856ರಲ್ಲಿ ಮೊದಲು ವರ್ಣಿಸಿದನು. ಇದರ ಶಾಸ್ತ್ರೀಯ ನಾಮವು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲ.

ರೆಕ್ಕೆಗಳನ್ನು ಬಿಚ್ಚಿದಾಗಲೂ ಈ ಪತಂಗದ ಅಗಲವು 4–5 ಮಿಲಿಮೀಟರುಗಳಷ್ಟೇ. ಬೆಳ್ಳಗಿನ ಮುಂದಿನ ರೆಕ್ಕೆಗಳ ತುದಿಯಲ್ಲಿ ಒಂದೊಂದು ಕರಿಯ ಚುಕ್ಕೆಯಿರುವುದು. ಹೆಣ್ಣು ಪತಂಗವು ಸಂಜೆ ಮತ್ತು ರಾತ್ರಿಯ ವೇಳೆಯಲ್ಲಿ ಎಳೆಯ ಚಿಗುರನ್ನೇ ಹುಡುಕಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಯು ಹೊರಗಿನ ಗಾಳಿಯನ್ನೇ ಕಾಣದೆ ನೇರವಾಗಿ ಎಲೆಯ ಮೇಲ್ಪೊರೆಯೊಳಗೆ ಹೊಕ್ಕು, ಅಲ್ಲಿಯ ರಸವನ್ನು ಹೀರುತ್ತಾ ಮುಂದೆ ಸಾಗುವುದು. ಅದು ಬೆಳೆದಂತೆ ಗೆರೆಯೂ ಅಗಲವಾಗುವುದು. ಗೆರೆಯ ನಡುವೆ ದಾರದಂತೆ ಕಾಣುವ ಕಪ್ಪು ಎಳೆಯು ಮರಿಯ ಮಲವಾಗಿದೆ. ಹುಳುವನ್ನು ಗುರುತಿಸುವುದಕ್ಕೆ ಇದೇ ಒಳ್ಳೆಯ ಲಕ್ಷಣ. ಕೊನೆಯಲ್ಲಿ ಮರಿಯು ತಿನ್ನುವುದನ್ನು ಬಿಟ್ಟು ರೇಷ್ಮೆಯ ನೂಲಿನಿಂದ ಎಲೆಯ ಅಂಚನ್ನು ಮಡಿಸಿ, ಆ ಮಡಿಕೆಯೊಳಗೆ ಕೋಶಾವಸ್ಥೆಯನ್ನು ಕಳೆಯುತ್ತದೆ. ಟೊಮೇಟೊ, ಹುರುಳಿಕಾಯಿ ಗಿಡಗಳ ಎಲೆಗಳಲ್ಲಿ ಕಾಣುವ ಇಂಥ ಗೆರೆಗಳಾದರೋ ಹೆಚ್ಚಾಗಿ ಒಂದು ಸಣ್ಣ ನೊಣದ ಮರಿಯವು. ಅದು ಸಾಮಾನ್ಯವಾಗಿ ಎಲೆಯನ್ನು ಬಿಟ್ಟು ಮಣ್ಣಿಗೆ ಬಿದ್ದು ಕೋಶವಾಗುವುದು.

ಗೆರೆಬಿದ್ದ ಎಲೆಗಳನ್ನು ಕಂಡೊಡನೆ ಕತ್ತರಿ ಹಿಡಿಯುವುದು ವಿವೇಕವಲ್ಲ. ಯಾಕಂದರೆ ಮರಿಯು ಮೇಲ್ಪೊರೆಯನ್ನು ಮಾತ್ರ ತಿನ್ನುತ್ತದೆ. ಒಳಗಿನ ಹಸುರು ಭಾಗವು ಉಳಿದು ಗಿಡಕ್ಕೆ ಆಹಾರವನ್ನು ಸಿದ್ಧಪಡಿಸುತ್ತಲೇ ಇರುವುದು. ಇದಲ್ಲದೆ, ಕತ್ತರಿಸಿದ ಗಿಡವು ಮತ್ತೆ ಚಿಗುರಿ ಪತಂಗಕ್ಕೆ ಹೊಸ ತೊಟ್ಟಿಲನ್ನೊದಗಿಸುವುದು. ಬಲಿತ ಎಲೆಗೆ ಈ ಹುಳುವಿನ ಭಯವಿಲ್ಲ. ಬೆಳೆದ ಮರವು ಈ ಬಾಧೆಯನ್ನು ತಾಳಿಕೊಳ್ಳಬಲ್ಲದು. ಮರಿಗಳನ್ನು ಕೊಲ್ಲುವ ಸೂಕ್ಷ್ಮ ಕಣಜಗಳೂ ಉಂಟು. ವಿಷವನ್ನು ಸಿಂಪಡಿಸಿದರೆ ಮೊದಲು ಸಾಯುವವು ಈ ಮಿತ್ರರೇ ಆಗಬಹುದು.

ಆದರೆ ಸಸಿಗಳ ವಿಷಯದಲ್ಲಿ ಎಚ್ಚರವು ಅಗತ್ಯ. ಅವುಗಳಲ್ಲಿ ಹೆಚ್ಚಿನವು ಎಳೆಯ ಎಲೆಗಳೇ ಆದುದರಿಂದ ಬೆಳವಣಿಗೆ ಕುಂಠಿತವಾಗುವುದು. ಹರಿದ ಪೊರೆಯ ಮೂಲಕ ಕಜ್ಜಿರೋಗದ ಸೂಕ್ಷ್ಮಾಣುಗಳೂ ಒಳಸೇರುವುವು. ಸಸಿಗಳು ಕೆಲವೇ ಇದ್ದರೆ ಚಿಗುರನ್ನು ದಿನವೂ ನೋಡಿ, ಗೆರೆಯ ತುದಿಯಲ್ಲಿರುವ ಮರಿಯನ್ನು ಬೆರಳಿನಿಂದ ಹಿಸುಕಿದರೆ ಸಾಕು. ಮನೆಯ ಹಿತ್ತಲಲ್ಲಿ ಒಂದು ನಿಂಬೆಯ ಗಿಡವುಳ್ಳವರು ಮುಂದಿನ ಚಿಗುರಿನ ಕಾಲದಲ್ಲಿ ಮಕ್ಕಳೊಡನೆ ಈ ರಂಗೋಲಿಯನ್ನು ಬೆಳಕಿಗೆ ಹಿಡಿದು ನೋಡಲಿ. ಅರಿತು ನೋಡಿದವರ ಕೈಯಿಂದ ಗಿಡಕ್ಕೆ ಕೇಡಾಗುವುದು ವಿರಳ.